ಆರು ವೋಲ್ಟಿನ ಕಾರಿಗೆ ಹನ್ನೆರಡು ವೋಲ್ಟಿನ ಸೇಡು

ಹೋದ ತಿಂಗಳು ದಿಂಡಿಗಲ್ಲಿಗೆ ಹೊರಟ ಬಸ್ಸು ಪೆರಿಯಕುಳಂ ದಾಟುತ್ತಿದ್ದಂತೆ ಡ್ರೈವರನ ಕಾಲಬುಡದಿಂದ ಸುಟ್ಟ ವಾಸನೆ ಎದ್ದಿತು. ಹೆಂಗಸರು ಸೆರಗನ್ನು ಮೂಗಿಗೆ ಒತ್ತಿಕೊಂಡರು. ಹಿಂದಿನ ಸೀಟಿನವರು ಬ್ರೇಕು ಅಂದರು, ಮುಂದಿನವರು ಯಾರದೋ ಬೀಡಿ ಅಂದರು. ನಾನು ಕಣ್ಣು ಮುಚ್ಚಿ ಆಳವಾಗಿ ಉಸಿರೆಳೆದುಕೊಂಡೆ. ವಾರ್ನಿಷ್ ಬಳಿದ ತಂತಿ ಕಾದಾಗ ಮೊದಲು ಬೆಲ್ಲದ ಪಾಕದ ಹಾಗೆ ಘಮ್ಮೆನ್ನುತ್ತದೆ, ಕಹಿ ಬರುವುದು ಆಮೇಲೆ. ಬಸ್ಸು ಹತ್ತುವ ಮೊದಲು ಆರೂ ಟೈರುಗಳನ್ನು ನೋಡಿ, ಬಾಗಿಲ ಪಕ್ಕದ ಸೀಟನ್ನೇ ಹುಡುಕಿ, ಆದರೂ ದಾರಿಯುದ್ದಕ್ಕೂ ತೊಡೆ ಕುಣಿಸುತ್ತ ಕೂರುವವನು ನಾನು. ಆವತ್ತು ಯಾಕೋ ಹೆದರಿಕೆಯಾಗಲಿಲ್ಲ. ಹಳೆಯ ಸಿಟ್ಟೊಂದು ಮಗ್ಗುಲು ಬದಲಿಸಿತು.

ಅರವತ್ತರ ದಶಕದ ನಡುವಿನ ಒಂದು ಮಳೆಗಾಲದ ಸಿಟ್ಟು ಅದು. ತಮಿಳುನಾಡಿನ ನಮ್ಮ ಕಂಬಂ ಕಣಿವೆಗೆ ದೊಡ್ಡ ಮಳೆ ಬರುವುದು ದೀಪಾವಳಿಯ ಆಸುಪಾಸಿನಲ್ಲಿ. ಆಗ ಉತ್ತಮಪಾಳಯಂನಲ್ಲಿ ನನ್ನದೊಂದು ತಗಡಿನ ಶೆಡ್ಡು ಇತ್ತು. ಬ್ಯಾಟರಿ, ಡೈನಮೋ, ಹಾರ್ನು, ಕರೆಂಟಿಗೆ ಸಂಬಂಧಪಟ್ಟ ಏನೇ ಕೆಟ್ಟರೂ ರಿಪೇರಿ ಮಾಡುತ್ತಿದ್ದೆ. ಶೆಡ್ಡಿನಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ದೊಡ್ಡಪ್ಪನ ಮನೆ. ಅಪ್ಪ ಅಮ್ಮ ಬೇಗ ಹೋದದ್ದರಿಂದ ನನ್ನನ್ನೂ ಅಕ್ಕನನ್ನೂ ಸಾಕಿದ್ದು ದೊಡ್ಡಪ್ಪ ದೊಡ್ಡಮ್ಮನೇ. ಬಾಳೆ, ದ್ರಾಕ್ಷಿ ಬೆಳೆದು ಕೈ ತುಂಬಿಸಿಕೊಂಡಿದ್ದ ದೊಡ್ಡಪ್ಪ, ಬೆಟ್ಟದ ಮೇಲಿನ ಏಲಕ್ಕಿ ತೋಟದ ದೊರೆಯೊಬ್ಬ ತನ್ನ ದೇಶಕ್ಕೆ ಹೊರಡುವಾಗ ಬಿಟ್ಟುಹೋದ ಕಪ್ಪು ಕಾರನ್ನು ಮನೆಗೆ ತಂದಿದ್ದ. ವಯಸ್ಸಿನಲ್ಲಿ ಅದು ನನಗಿಂತ ದೊಡ್ಡದು. ಅದರದು ಆರು ವೋಲ್ಟಿನ ಬ್ಯಾಟರಿ. ದೀಪ ಹಾಕಿದರೆ ರಸ್ತೆ ಕಾಣುತ್ತಿರಲಿಲ್ಲ, ದೀಪ ಉರಿಯುತ್ತಿದೆ ಎಂಬುದು ಮಾತ್ರ ಕಾಣುತ್ತಿತ್ತು. ಆ ಬ್ಯಾಟರಿ ಸತ್ತಾಗ ಇನ್ನೊಂದು ಸಿಗಲಿಲ್ಲ. ಎಲ್ಲವನ್ನೂ ಹನ್ನೆರಡು ವೋಲ್ಟಿಗೆ ಬದಲಾಯಿಸುವುದೆಂದು ದೊಡ್ಡಪ್ಪ ತೀರ್ಮಾನಿಸಿದ. ಬದಲಾಯಿಸಲು ಕಾರನ್ನು ಕೊಂಡುಹೋದದ್ದು ನನ್ನ ಶೆಡ್ಡಿಗಲ್ಲ. ದಿಂಡಿಗಲ್ಲಿಗೆ, ಭಾವನ ಅಂಗಡಿಗೆ.

ಭಾವ ಎಂದರೆ ಅಕ್ಕನ ಗಂಡ, ನನ್ನ ಗುರು, ನನ್ನ ಶತ್ರು. ಅವರ ಅಂಗಡಿಯಲ್ಲೇ, ಅಕ್ಕನ ಮದುವೆಗೆ ಮುಂಚಿನಿಂದಲೂ, ನಾನು ಆರು ವರ್ಷ ಕೆಲಸ ಕಲಿತದ್ದು. ಆರನೆಯ ವರ್ಷ ಒಂದು ಬಸ್ಸಿನ ಡೈನಮೋ ನಮ್ಮಲ್ಲಿಂದ ರಿಪೇರಿಯಾಗಿ ಹೋದ ದಿನವೇ ಸುಟ್ಟು ವಾಪಸ್ಸು ಬಂತು. ಅದರ ತಂತಿ ಜೋಡಿಸಿದ್ದು ಭಾವನೇ, ನಾನು ಪಕ್ಕದಲ್ಲಿ ದೀಪ ಹಿಡಿದಿದ್ದೆ. ಆದರೆ ಬಸ್ಸಿನ ಯಜಮಾನ ಬಾಗಿಲಲ್ಲಿ ನಿಂತು ಕೂಗಾಡಿದಾಗ ಭಾವ ಅವನ ಮುಂದೆಯೇ ನನ್ನ ಕೆನ್ನೆಗೆ ಹೊಡೆದರು. "ಹೋಗ್ಡಾ, ಕಂಬಂಗೋಗಿ ದೇವ್ರ ಹಸ ಕಾಯ್ಕಂಡಿರು. ಅದ್ಕೆ ಕರೆಂಟಿಲ್ಲ, ಸುಡಾದಿಲ್ಲ" ಅಂದರು. ದೇವರಿಗೆ ಬಿಟ್ಟ ಹಸುಗಳನ್ನು ಕಾಯುವುದು, ತಲೆಮಾರುಗಳ ಹಿಂದೆ ಕನ್ನಡನಾಡಿನಿಂದ ಬಂದು ಇಲ್ಲಿ ನೆಲೆಸಿದ ನಮ್ಮ ಜನರಲ್ಲಿ, ಮರ್ಯಾದೆಯ ಕೆಲಸ. ಅವರು ಹೇಳಿದ ದನಿಯಲ್ಲಿ ಮರ್ಯಾದೆ ಇರಲಿಲ್ಲ. ಆ ಸಂಜೆಯೇ ಬಸ್ಸು ಹತ್ತಿ ಊರಿಗೆ ಬಂದೆ. ಐದು ವರ್ಷ ಆ ಕೆನ್ನೆಯನ್ನು ಕ್ಷೌರ ಮಾಡುವಾಗಲೆಲ್ಲ ನೆನೆಸಿಕೊಳ್ಳುತ್ತಿದ್ದೆ. ದಿನಾ ಕ್ಷೌರ ಮಾಡಿಕೊಳ್ಳುವ ಅಭ್ಯಾಸ ಬಂದದ್ದೇ ಅದರಿಂದ ಇರಬೇಕು.

ಕಾರು ಹನ್ನೆರಡು ವೋಲ್ಟಾಗಿ ಬಂತು. ಬಂದ ವಾರದಲ್ಲೇ ರೋಗಗಳು ಶುರುವಾದವು. ಒಬ್ಬನ ಹೊಟ್ಟೆಗೆ ಇಬ್ಬರ ಊಟ ತುರುಕಿದ ಹಾಗಾಗಿತ್ತು ಅದರ ಸ್ಥಿತಿ. ಹಾರ್ನು ಒಂದೇ ಒಂದು ಸಲ ಆನೆ ಘೀಳಿಟ್ಟ ಹಾಗೆ ಕೂಗಿ ಶಾಶ್ವತವಾಗಿ ಸುಮ್ಮನಾಯಿತು. ಗಾಜು ಒರೆಸುವ ಕಡ್ಡಿ ಎಂಥ ವೇಗದಲ್ಲಿ ಬಡಿದಾಡಿತೆಂದರೆ ಕಿತ್ತುಕೊಂಡು ಹಾರಿ ಬಾಳೆ ತೋಟಕ್ಕೆ ಬಿತ್ತು. ಪೆಟ್ರೋಲಿನ ಮುಳ್ಳು ಯಾವಾಗ ನೋಡಿದರೂ 'ತುಂಬಿದೆ' ಎನ್ನುತ್ತಿತ್ತು. ದೊಡ್ಡಪ್ಪ ಅದನ್ನು ನಂಬಿ ಚಿನ್ನಮನೂರಿನ ಹತ್ತಿರ ಬರಿದಾದ ಟ್ಯಾಂಕಿನೊಂದಿಗೆ ಗದ್ದೆಯ ಬದುವಿನ ಮೇಲೆ ಅರ್ಧ ದಿನ ಕೂತ. ಮರುದಿನ ಬೆಳಿಗ್ಗೆ ನನ್ನ ಶೆಡ್ಡಿನ ಮುಂದೆ ನಿಂತಿದ್ದ.

"ಏಲೇ ರಂಗಸಾಮಿ, ವಂಡಿ ನೋಡ್ಬಾ."

"ದಿಂಡಿಗಲ್ಲು ಮೇಸ್ತ್ರಿ ಮಾಡಿದ್ದಲ್ವಾ ದೊಡ್ಡಪ್ಪಾ, ಅಲ್ಲೇ ತೋರ್ಸು."

"ತೋರಿಸ್ತಿನಿ. ತಲೆ ಮ್ಯಾಲೆ ಹೊತ್ಕಂಡು ಹೋಗ್ಲಾ? ಬಾಡಾ ಸುಮ್ನೆ."

ಹೋದೆ. ಒಳಗೊಳಗೇ ಕುಣಿಯುತ್ತ ಹೋದೆ. ಹಾರ್ನು, ಕಡ್ಡಿ, ಮುಳ್ಳು ಮೂರನ್ನೂ ನಾಲ್ಕು ದಿನದಲ್ಲಿ ಸರಿಮಾಡಿದೆ. ಅವು ಸಣ್ಣ ತಪ್ಪುಗಳು, ಹೆಚ್ಚಿನ ವೋಲ್ಟನ್ನು ನುಂಗುವ ತಂತಿಯನ್ನು ನಡುವೆ ಸೇರಿಸಲು ಮರೆತದ್ದು. ಇಷ್ಟಕ್ಕೇ ಭಾವನನ್ನು ಮಣ್ಣುಗೂಡಿಸಲು ಆಗುವುದಿಲ್ಲ. ಆದರೆ ಐದನೆಯ ದಿನ ದೊಡ್ಡಪ್ಪ ಬೇರೊಂದು ರೋಗ ಹೇಳಿದ. ಕಾರು ಒಂದು ಗಂಟೆ ಚೆನ್ನಾಗಿ ಓಡಿ, ಇದ್ದಕ್ಕಿದ್ದ ಹಾಗೆ ಉಸಿರು ನಿಲ್ಲಿಸುತ್ತದೆ. ಒಂದು ಟೀ ಕುಡಿದು ಬಂದು ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತದೆ.

ಇಂಥ ರೋಗಗಳು ಮೆಕ್ಯಾನಿಕ್ಕಿನ ಮುಂದೆ ಬಾಯಿ ಬಿಡುವುದಿಲ್ಲ. ಶೆಡ್ಡಿನಲ್ಲಿ ಎಷ್ಟು ಕೆದಕಿದರೂ ಕಾರು ಸಾಧುವಿನಂತೆ ಗುಡುಗುಡು ಅನ್ನುತ್ತಿತ್ತು. ಕೊನೆಗೆ ಎರಡು ಸಣ್ಣ ಬಲ್ಬುಗಳಿಗೆ ಉದ್ದ ತಂತಿ ಕಟ್ಟಿ, ಒಂದನ್ನು ಬ್ಯಾಟರಿಯ ಕಡೆಗೆ, ಇನ್ನೊಂದನ್ನು ಇಂಜಿನ್ನಿಗೆ ಕಿಡಿ ಕೊಡುವ ಕಾಯಿಲಿನ ಕಡೆಗೆ ಜೋಡಿಸಿ, ಎರಡನ್ನೂ ತೊಡೆಯ ಮೇಲೆ ಇಟ್ಟುಕೊಂಡು ಕಂಬಂ ರಸ್ತೆಯಲ್ಲಿ ಹೋಗಿ ಬಂದು ಮಾಡಿದೆ. ಮೂರನೆಯ ದಿನ, ಮೋಡ ಸರಿದು ಬಿಸಿಲು ಚುರುಗುಟ್ಟುವಾಗ, ಇಂಜಿನ್ನು ಸತ್ತಿತು. ತೊಡೆಯ ಮೇಲೆ ಒಂದು ಬಲ್ಬು ಉರಿಯುತ್ತಿತ್ತು, ಇನ್ನೊಂದು ಆರಿತ್ತು. ಎರಡರ ನಡುವೆ ಎಲ್ಲೋ ದಾರಿ ಕಡಿದಿದೆ. ನಾನು ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿದೆ.

ಅಲ್ಲಿ ಒಂದು ಮರದ ಪಟ್ಟಿ, ಅದರ ಮೇಲೆ ಕರೆಂಟ್ ಒಲೆಯ ಸುರುಳಿ ತಂತಿಯ ತುಂಡು ಎಳೆದು ಕಟ್ಟಿತ್ತು. ಭಾವ ಹಳೆಯ ಆರು ವೋಲ್ಟಿನ ಕಾಯಿಲನ್ನೇ ಉಳಿಸಿಕೊಂಡು, ಮಿಕ್ಕ ಆರು ವೋಲ್ಟನ್ನು ಒಲೆಯ ತಂತಿಗೆ ತಿನ್ನಿಸಿದ್ದರು. ಉಪಾಯ ಒಳ್ಳೆಯದೇ, ನಾನೂ ಹಾಗೇ ಮಾಡುತ್ತಿದ್ದೆ. ಆದರೆ ಒಲೆಯ ತಂತಿಯ ತುದಿಯನ್ನು ಸ್ಕ್ರೂ ಹಾಕಿ ಕಚ್ಚಿಸಬೇಕು. ಅದಕ್ಕೆ ಸೀಸದ ಬೆಸುಗೆ ಹಿಡಿಯುವುದಿಲ್ಲ. ಹಿಡಿದಂತೆ ನಟಿಸುತ್ತದೆ. ತಂತಿ ಕಾದಾಗ ಬೆಸುಗೆ ಬೆವರಿ ಕೂದಲೆಳೆಯಷ್ಟು ಬಿಡುತ್ತದೆ, ತಣ್ಣಗಾದರೆ ಮತ್ತೆ ಬಂದು ಕೂರುತ್ತದೆ. ಬೆಸುಗೆ ಹಾಕದ ಜೋಡಣೆ ಗಂಡಸು ಮಾಡುವ ಕೆಲಸವೇ ಅಲ್ಲ ಎಂದು ಆರು ವರ್ಷ ನನ್ನ ಕಿವಿಯಲ್ಲಿ ಊದಿದ್ದ ಭಾವ, ಇದಕ್ಕೂ ಬೆಸುಗೆ ಹಾಕಿದ್ದರು. ಮೇಲೆ ಕೆಂಪು ವಾರ್ನಿಷಿನ ಒಂದು ಚುಕ್ಕಿ. ಅದು ಅವರ ಅಂಗಡಿಯ ರೂಢಿ. ಜೋಡಣೆಯೊಂದನ್ನು ಪರೀಕ್ಷೆ ಮಾಡಿದವನು ಅದರ ಮೇಲೆ ತನ್ನ ಗುರುತು ಇಡಬೇಕು, ಆಮೇಲೆ ಯಾರ ಕೆಲಸವೆಂದು ಜಗಳ ಬರಬಾರದು. ಒಂದು ಚುಕ್ಕಿ ಎಂದರೆ ಯಜಮಾನರೇ ನೋಡಿ ಸರಿ ಅಂದದ್ದು.

ರುಜು ಹಾಕಿದ ತಪ್ಪೊಪ್ಪಿಗೆ ಸಿಕ್ಕಿದ ಹಾಗಾಯಿತು ನನಗೆ. ಡ್ಯಾಶ್‌ಬೋರ್ಡಿನ ಕೆಳಗೆ ಮುದುಡಿ ಬಿದ್ದುಕೊಂಡೇ ನಕ್ಕೆ.

ಸರಿಮಾಡುವುದು ಎರಡು ನಿಮಿಷದ ಕೆಲಸ. ತಂತಿಯನ್ನು ಕಚ್ಚಿ ಹಿಡಿಯುವ, ಸ್ಕ್ರೂ ಇರುವ ಹಿತ್ತಾಳೆಯ ಸಣ್ಣ ಹಿಡಿಕೆಯೊಂದು ಸಾಕು. ಅದನ್ನು ಅವತ್ತೇ ತಂದು ಜೇಬಿನಲ್ಲಿಟ್ಟುಕೊಂಡೆ. ಕಾರಿಗೆ ಹಾಕಲಿಲ್ಲ. ಹಾಕಿದರೆ ತಪ್ಪು ಮಾಯವಾಗುತ್ತಿತ್ತು, ಭಾವ ಬಚಾವಾಗುತ್ತಿದ್ದರು. ತಪ್ಪನ್ನು ಹಾಗೇ ಕಾಪಾಡಬೇಕು, ಒಂದು ದಿನ ಭಾವನನ್ನು ಇದೇ ಕಾರಿನಲ್ಲಿ ಕೂರಿಸಿ, ನಾಲ್ಕು ಜನ ನೋಡುವ ಕಡೆ ಕಾರು ನಿಂತು, ಅವರ ಕೈಯಿಂದಲೇ ಆ ಪಟ್ಟಿಯನ್ನು ಹೊರಗೆ ತೆಗೆಸಬೇಕು. ಮೊಟ್ಟೆಯ ಮೇಲೆ ಕೂತ ಕೋಳಿಯ ಹಾಗೆ ಆ ಕೆಟ್ಟ ಜೋಡಣೆಯ ಮೇಲೆ ಕೂತೆ. ದಿನವೂ ಹೋಗಿ ಅದು ಹಾಗೇ ಇದೆಯೇ ಎಂದು ನೋಡುತ್ತಿದ್ದೆ. ಎಲ್ಲಿ ತಾನಾಗಿಯೇ ಸರಿಹೋಗಿಬಿಡುತ್ತದೋ ಎಂಬ ಚಿಂತೆ.

"ಏನ್ಡಾ, ಡಾಕ್ಟ್ರು ಥರ ದಿನಾ ಬಂದು ನಾಡಿ ನೋಡ್ತಿಯ. ಕಾಯ್ಲೆ ಸಿಕ್ತಾ?" ಎಂದು ದೊಡ್ಡಪ್ಪ ಕೇಳುತ್ತಿದ್ದ.

"ಇಲ್ಲ ದೊಡ್ಡಪ್ಪಾ. ನೋಡ್ತಾ ಅವ್ನಿ."

ಹದಿನೈದು ದಿನ ಹೀಗೆ ನೋಡಿದೆ. ಹದಿನಾರನೆಯ ದಿನ ಬೇರೊಂದು ಮಾತು ಬಂತು. ಮದುವೆಯಾಗಿ ಎಂಟು ವರ್ಷದ ಮೇಲೆ ಅಕ್ಕ ಬಸುರಿಯಾಗಿದ್ದಳು. ಏಳನೆಯ ತಿಂಗಳಲ್ಲಿ ಗಂಡನ ಮನೆಯಲ್ಲಿ ಬಳೆ ತೊಡಿಸಿ, ಹೆರಿಗೆಗೆ ತವರಿಗೆ ಕರೆತರಬೇಕು. "ನಮ್ಮ ಮಗ್ಳು ಬಸ್ನಾಗೆ ಬರಾದಾ? ವಂಡಿ ತಗಂಡೋಗು. ದೊಡ್ಡವ್ವನ್ನೂ ಕರ್ಕಂಡೋಗು" ಎಂದ ದೊಡ್ಡಪ್ಪ.

ಆಗಲಾದರೂ ಜೇಬಿನ ಹಿಡಿಕೆಯನ್ನು ತೆಗೆದು ಹಾಕಬೇಕಿತ್ತು. ಎರಡು ನಿಮಿಷ. ನಾನು ಮಾಡಿದ್ದೇನೆಂದರೆ, ಎರಡನೆಯ ಹಿಡಿಕೆಯೊಂದನ್ನು ತಂದೆ, ಮೊದಲನೆಯದು ಕಳೆದುಹೋದರೆ ಎಂದು. ಬಿಸಿನೀರಿನ ಫ್ಲಾಸ್ಕು, ಎರಡು ಕೊಡೆ, ಕಂಬಳಿ, ವಾಂತಿಗೆ ನಿಂಬೆಹಣ್ಣು ಇಟ್ಟುಕೊಂಡೆ. ದಾರಿಯ ಮೇಲಿನ ವತ್ತಲಗುಂಡು ಊರಿನಲ್ಲಿ ಸೂಲಗಿತ್ತಿಯ ಮನೆ ಎಲ್ಲಿದೆಯೆಂದೂ ಯಾರನ್ನೋ ಕೇಳಿ ಬರೆದುಕೊಂಡೆ. ಎಲ್ಲ ಅನಾಹುತಕ್ಕೂ ತಯಾರಾದೆ, ನಾನೇ ಸಾಕುತ್ತಿದ್ದ ಅನಾಹುತವೊಂದನ್ನು ಬಿಟ್ಟು. ಸೇಡಿನ ಲೆಕ್ಕವೂ ಪಕ್ಕಾ ಇತ್ತು. ದಿಂಡಿಗಲ್ಲಿನಿಂದ ಒಂದು ಗಂಟೆ ಓಡಿದರೆ ವತ್ತಲಗುಂಡಿನ ಪೇಟೆ. ಅಲ್ಲಿನ ಟೀ ಅಂಗಡಿಯಲ್ಲಿ ಮೋಟಾರು ಕೆಲಸದವರೆಲ್ಲ ಕೂಡುತ್ತಾರೆ. ಅವರಲ್ಲಿ ಅರ್ಧ ಜನ ಭಾವನ ಶಿಷ್ಯರು.

ಹೋಗುವಾಗ ನಸುಕಿನ ತಂಪಿನಲ್ಲಿ ಕಾರು ಎಲ್ಲೂ ನಿಲ್ಲಲಿಲ್ಲ. ಬಳೆ ತೊಡಿಸುವುದೆಲ್ಲ ಮುಗಿದು ಹೊರಡುವಾಗ ನಾನು ಭಾವನಿಗೆ ಒತ್ತಾಯ ಮಾಡಿದೆ. "ನೀವೂ ಬನ್ನಿ ಬಾವ. ದೊಡ್ಡಪ್ಪ ಹೇಳ್ಬುಟ್ಟವ್ರೆ." ದೊಡ್ಡಪ್ಪ ಹೇಳಿರಲಿಲ್ಲ. ಐದು ವರ್ಷದಲ್ಲಿ ನಾನು ಅವರೊಂದಿಗೆ ಇಷ್ಟು ಸಿಹಿಯಾಗಿ ಮಾತಾಡಿದ್ದು ಅದೇ ಮೊದಲು. ಅಕ್ಕನ ಮುಖ ಅರಳಿತು. ಅದನ್ನು ನೋಡದವನ ಹಾಗೆ ಸ್ಟೀರಿಂಗ್ ಹಿಡಿದೆ. ಪಕ್ಕದಲ್ಲಿ ಭಾವ, ಹಿಂದೆ ಅಕ್ಕ ಮತ್ತು ದೊಡ್ಡಮ್ಮ.

ದಿಂಡಿಗಲ್ಲು ದಾಟುವ ಹೊತ್ತಿಗೆ ಮಳೆ ಹಿಡಿಯಿತು. ನನ್ನ ಲೆಕ್ಕದಲ್ಲಿ ಮಳೆ ಇರಲಿಲ್ಲ. ತಣ್ಣನೆಯ ಗಾಳಿ ಇಂಜಿನ್ನಿನ ಸಂದಿಯಿಂದ ನುಗ್ಗಿ ಒಲೆಯ ತಂತಿಯನ್ನು ತಂಪು ಮಾಡುತ್ತಿತ್ತು. ಕಾರು ಯಾವ ದಿನವೂ ಓಡದಷ್ಟು ಚೆನ್ನಾಗಿ ಓಡಿತು. ವತ್ತಲಗುಂಡಿನ ಪೇಟೆ ಬಂತು, ಟೀ ಅಂಗಡಿ ಬಂತು, ಬೆಂಚಿನ ಮೇಲೆ ಮೋಟಾರಿನವರೆಲ್ಲ ಸಾಲಾಗಿ ಕೂತಿದ್ದರು. ಕಾರು ನಿಲ್ಲಲಿಲ್ಲ. ನಾನೇ ನಿಲ್ಲಿಸಿದೆ. ಸ್ವಿಚ್ಚು ಆಫ್ ಮಾಡದೆ ಇಳಿದೆ, ನಾವು ಟೀ ಕುಡಿಯುವಷ್ಟರಲ್ಲಿ ತಂತಿ ಕಾಯಲಿ ಎಂದು. ಭಾವ ಕೈ ಚಾಚಿ ಸ್ವಿಚ್ಚು ತಿರುಗಿಸಿದರು.

"ಆಫ್ ಮಾಡಾದೂ ಮರ್ತೋಯ್ತಾ ಮಾಪ್ಳೆ? ಕಾಯಿಲು ಕಾಯಲ್ವಾ? ನಾನ್ ಕಲ್ಸಿದ್ದೆಲ್ಲ ವೈಗೈ ನದಿಗೆ ಬಿಟ್ಟೆಯಾ?"

ಹೆಂಡತಿಯ ತಮ್ಮನನ್ನು ಮಾಪ್ಳೆ ಎನ್ನುವುದು ನಮ್ಮ ಕಡೆಯ ರೂಢಿ. ಬೆಂಚಿನವರು ನಕ್ಕರು. ಇನ್ನೊಂದು ಕೆನ್ನೆಗೂ ಬಿತ್ತು ಅಂದುಕೊಂಡೆ.

ಕಾರು ನಿಂತದ್ದು ದೇವದಾನಪಟ್ಟಿ ದಾಟಿದ ಮೇಲೆ. ಮಳೆ ಸ್ವಲ್ಪ ಹೊತ್ತು ಬಿಟ್ಟು ಸಂಜೆಯ ಬಿಸಿಲು ಬಂದಿತ್ತು. ಅಷ್ಟೇ ಸಾಕಾಯಿತು. ಎರಡೂ ಕಡೆ ನೀರು ತುಂಬಿದ ಗದ್ದೆ, ಸಾಕ್ಷಿಗೆ ನಾಲ್ಕು ಎಮ್ಮೆ. ಐದು ವರ್ಷ ಕಾದ ಗಳಿಗೆ ಪ್ರೇಕ್ಷಕರಿಲ್ಲದೆ ಬಂದಿತ್ತು. ಇದ್ದುದರಲ್ಲೇ ತೃಪ್ತಿಪಡೋಣವೆಂದು ನಾನು ಕೈ ಕಟ್ಟಿಕೊಂಡೆ.

"ನೀವೇ ಮಾಡಿದ್ದಲ್ವಾ ಬಾವ. ನೀವೇ ನೋಡಿ. ನಂಗೆಲ್ಲಿ ಗೊತ್ತಾಗ್ತದೆ, ಹಸ ಕಾಯೋನ್ಗೆ."

ಭಾವ ಟಾರ್ಚು ತೆಗೆದುಕೊಂಡು ಡ್ಯಾಶ್‌ಬೋರ್ಡಿನ ಕೆಳಗೆ ಮಲಗಿದರು. ಕೆಲಸ ಬಲ್ಲ ಮನುಷ್ಯ, ಎರಡು ಮೂರು ಸಲ ಬೆರಳಲ್ಲಿ ಮುಟ್ಟಿದ್ದೇ ಸಿಕ್ಕಿತು. "ಅಯ್ಯಯ್ಯೋ" ಅಂದರು. ಆ ಅಯ್ಯಯ್ಯೋ ನನಗೆ ನಾಗಸ್ವರದ ಹಾಗೆ ಕೇಳಿಸಿತು. ಆಮೇಲೆ ಟಾರ್ಚಿನ ಬೆಳಕು ಒಂದೇ ಕಡೆ ನಿಂತಿತ್ತು.

"ಮಾಪ್ಳೆ, ಇಲ್ಲಿ ಮೂರು ಚುಕ್ಕಿ ಐತೆ" ಅಂದರು.

ಅಂಗಡಿಯಲ್ಲಿ ಭಾವನದು ಒಂದು ಚುಕ್ಕಿಯಾದರೆ ನನ್ನದು ಎರಡು. ಆರು ವರ್ಷದ ಅಭ್ಯಾಸ. ಇಪ್ಪತ್ತು ದಿನದ ಹಿಂದೆ ಆ ಜೋಡಣೆಯನ್ನು ಕಂಡು ನಗುತ್ತ ಬಿದ್ದುಕೊಂಡಿದ್ದಾಗ ನನ್ನ ಕೈ ತನ್ನ ಪಾಡಿಗೆ ತಾನು ಕೆಲಸದ ಪೆಟ್ಟಿಗೆಯ ವಾರ್ನಿಷಿಗೆ ಕುಂಚ ಅದ್ದಿ ಎರಡು ಚುಕ್ಕಿ ಇಟ್ಟಿತ್ತು. ನೋಡಿದ್ದೇನೆ, ಪರೀಕ್ಷೆ ಮಾಡಿದ್ದೇನೆ, ಜವಾಬ್ದಾರಿ ನನ್ನದು ಎಂದು. ಇಟ್ಟದ್ದು ನನಗೆ ನೆನಪೂ ಇರಲಿಲ್ಲ. ದಿನಾ ಬಂದು ನೋಡುವಾಗಲೂ ನನ್ನ ಕಣ್ಣು ಭಾವನ ಒಂದೇ ಚುಕ್ಕಿಯ ಮೇಲೆ.

ಭಾವ ಹೊರಗೆ ಬಂದು ನನ್ನ ಮುಖ ನೋಡಿದರು. ಅವರು ಬಿಡಿಸಿ ಹೇಳಬೇಕಾಗಿಯೂ ಇರಲಿಲ್ಲ. ಎಂಟು ವರ್ಷ ಆ ಅಂಗಡಿಯ ಹಿಂದಿನ ಕೋಣೆಯಲ್ಲಿ ಸಂಸಾರ ಮಾಡಿದವಳು, ಕೆಂಪು ವಾರ್ನಿಷನ್ನು ಎಷ್ಟೋ ಸಲ ತನ್ನ ಕೈಯಿಂದಲೇ ಕಲಸಿಕೊಟ್ಟವಳು ಹಿಂದಿನ ಸೀಟಿನಲ್ಲಿದ್ದಳು.

"ಒಂದು ಇವ್ರದು" ಅಂದಳು ಅಕ್ಕ. "ಇನ್ನೆರಡು ನಿಂದಲ್ವಾ ತಂಬಿ?"

ನಾನು ಎಮ್ಮೆಗಳನ್ನು ನೋಡಿದೆ.

"ಯಾವತ್ತು ಇಟ್ಟೆ?"

"ಇಪ್ಪತ್ತು ದಿನ ಆತು."

"ಗೊತ್ತಿದ್ದೂ ನನ್ನ ಇದ್ರಾಗೆ ಕೂರ್ಸ್ದೆ."

"ಹಿಡಿಕೆ ಜೇಬ್ನಾಗೈತೆ ಅಕ್ಕಾ, ಎರಡೇ ನಿಮ್ಷ" ಎಂದು ಎರಡನ್ನೂ ಅಂಗೈಯಲ್ಲಿ ಹಿಡಿದು ತೋರಿಸಿದೆ. ನನ್ನ ಜೀವನದಲ್ಲಿ ನಾನು ತೋರಿಸಿದ ಅತ್ಯಂತ ದಡ್ಡ ವಸ್ತುಗಳು ಅವು.

ಅಷ್ಟರಲ್ಲಿ ದಿಂಡಿಗಲ್ಲಿನಿಂದ ಕಂಬಂಗೆ ಹೋಗುವ ಬಸ್ಸು ಬಂತು. ಅಕ್ಕ ಬಾಗಿಲು ತೆಗೆದು ಇಳಿದು, ಒಂದು ಕೈ ಹೊಟ್ಟೆಯ ಮೇಲಿಟ್ಟು, ಬಳೆ ತುಂಬಿದ ಇನ್ನೊಂದು ಕೈಯನ್ನು ರಸ್ತೆಗೆ ಅಡ್ಡ ಹಿಡಿದಳು. ಬಸ್ಸು ನಿಂತಿತು. ಕಿಟಕಿಗಳಿಂದ ಐವತ್ತು ತಲೆ ಹೊರಗೆ ಬಂದವು. ನನಗೆ ಬೇಕಾಗಿದ್ದ ಜನ ಕಡೆಗೂ ಸಿಕ್ಕಿದ್ದರು.

"ಎನ್ನಮ್ಮಾ, ಕಾರುಕ್ಕು ಎನ್ನಾಚ್ಚು?" ಎಂದ ಕಂಡಕ್ಟರು, ಕಾರಿಗೇನಾಯಿತಮ್ಮಾ ಎಂದು.

ದೊಡ್ಡಮ್ಮ ಅಕ್ಕನ ಕೈ ಹಿಡಿದು ಹತ್ತಿಸುತ್ತ ಅವನಿಗೂ ಇಡೀ ಬಸ್ಸಿಗೂ ಕೇಳುವ ಹಾಗೆ, ಅವನ ತಮಿಳಿಗೆ ನಮ್ಮ ಕನ್ನಡದಲ್ಲೇ ಉತ್ತರ ಕೊಟ್ಟಳು. "ಇಬ್ರು ಎಲೆಕ್ಟ್ರೀಷಿಯನ್ನು ಅವ್ರೆ ನೋಡಪ್ಪಾ ಅದ್ರಾಗೆ. ಅದ್ಕೇ ನಿಂತೋಗೈತೆ."

ಬಸ್ಸು ಹೋಯಿತು. ನಾನು ಹಿಡಿಕೆ ಹಾಕಿದೆ. ಎರಡು ನಿಮಿಷವೂ ಬೇಕಾಗಲಿಲ್ಲ. ಆ ಬಸ್ಸಿನ ಬೆನ್ನು ನೋಡುತ್ತ ಪೆರಿಯಕುಳಂ, ತೇನಿ ದಾಟಿದೆವು. ಮುಂದೆ ಹೋಗುವ ಧೈರ್ಯ ನನಗಿರಲಿಲ್ಲ, ಹೋಗು ಎನ್ನುವ ಧೈರ್ಯ ಭಾವನಿಗಿರಲಿಲ್ಲ. ಮತ್ತೆ ಮಳೆ. ವೀರಪಾಂಡಿಯ ಹತ್ತಿರ ಭಾವ ಗಾಜು ನೋಡುತ್ತಲೇ ಹೇಳಿದರು, "ಆ ಬಸ್ಸಿನ ಡೈನಮೋ. ನಾನೇ ಸುಟ್ಟಿದ್ದು. ನಿನ್ಗೆ ಹೊಡಿವಾಗ್ಲೂ ಗೊತ್ತಿತ್ತು."

ಐದು ವರ್ಷ ಈ ಮಾತಿಗಾಗಿ ಕಾದಿದ್ದೆ. ಇದನ್ನು ಕೇಳಿದಾಗ ಏನು ಹೇಳಬೇಕು, ಯಾವ ಕಡೆ ಮುಖ ತಿರುಗಿಸಬೇಕು ಎಲ್ಲ ಕಂಠಪಾಠವಾಗಿತ್ತು. ಈಗ ನೋಡಿದರೆ ಗಾಜು ಒರೆಸುವ ಹಾಳು ಕಡ್ಡಿಯ ಸದ್ದಿನಲ್ಲಿ ಅರ್ಧ ಕೇಳಿ ಅರ್ಧ ಊಹಿಸಿಕೊಂಡಿದ್ದೆ. ಇನ್ನೊಂದು ಸಲ ಹೇಳಿ ಎನ್ನಲು ಬಾಯಿ ಬರಲಿಲ್ಲ.

ಹೆರಿಗೆ ಸುಸೂತ್ರವಾಯಿತು, ಹೆಣ್ಣು ಮಗು. ಅಕ್ಕ ನನ್ನೊಂದಿಗೆ ಮಾತು ಬಿಡಲಿಲ್ಲ. ಊಟ ಹಾಕುತ್ತಿದ್ದಳು, ಮಗುವನ್ನು ಎತ್ತಿಕೊಳ್ಳಲು ಕೊಡುತ್ತಿದ್ದಳು. ಯಾರಿಗೂ ಏನೂ ಹೇಳಲಿಲ್ಲ. ಮುಗಿಯಿತು, ಮರೆತಳು ಎಂದು ನಂಬಿದೆ. ಯಾವತ್ತೂ ಯಾವುದನ್ನೂ ನಂಬದ ನಾನು ಅದೊಂದನ್ನು ಹೇಗೆ ನಂಬಿದೆನೋ.

ಮಗುವಿಗೆ ವರ್ಷ ತುಂಬಿದಾಗ ಕಂಬಂನಲ್ಲಿ ನಮ್ಮ ಕುಲದೇವರ ಗುಡಿಯ ಮುಂದೆ ಕಿವಿ ಚುಚ್ಚಿಸಿದರು. ಕಿವಿ ಚುಚ್ಚುವಾಗ ಮಗು ಸೋದರಮಾವನ ತೊಡೆಯ ಮೇಲೆ ಕೂರಬೇಕು. ಓಲೆ ತರುವವನೂ ಅವನೇ. ಅದು ನಮ್ಮಲ್ಲಿ ಅಳಿಸಲಾಗದ ಹಕ್ಕು. ಜಗಳವಾಡಿ ವರ್ಷಗಟ್ಟಲೆ ಮುಖ ನೋಡದ ಅಣ್ಣತಮ್ಮಂದಿರನ್ನೂ ಆ ದಿನ ಹುಡುಕಿ ತಂದು ಕೂರಿಸುತ್ತಾರೆ. ನಾನು ಹೊಸ ಪಂಚೆ ಉಟ್ಟು, ತಟ್ಟೆಯಲ್ಲಿ ಓಲೆ, ಪಟ್ಟೆ ಲಂಗ ಇಟ್ಟುಕೊಂಡು ಮಣೆಯ ಹತ್ತಿರ ಬಂದೆ. ಮಗು ಅಳುತ್ತದೆಂದು ಜೇಬಿನಲ್ಲಿ ಕಲ್ಲುಸಕ್ಕರೆಯ ಪೊಟ್ಟಣವೂ ಇತ್ತು.

ಅಕ್ಕ ನನ್ನ ಕೈಯಿಂದ ತಟ್ಟೆ ತೆಗೆದುಕೊಂಡಳು. ಆಮೇಲೆ ತಿರುಗಿ, "ದೊಡ್ಡವ್ವಾ, ಬಾ. ಕೂತ್ಕ" ಅಂದಳು.

ದೊಡ್ಡಪ್ಪ, "ಏಯ್, ಏನಿದು, ತಾಯ್ಮಾಮ ಇಲ್ಲಿ ನಿಂತವ್ನೆ" ಎಂದು ಮುಂದೆ ಬಂದ.

"ನನ್ನ ಕೈ ಹಿಡ್ದು ಬಸ್ ಹತ್ತಿಸ್ದೋಳು ಇವ್ಳು" ಎಂದಳು ಅಕ್ಕ. "ಇವ್ಳೇ ಮಾಮ."

ಆಗ ಯಾರು ಬಾಯಿ ಹಾಕಬಾರದಿತ್ತೋ ಅವರೇ ಹಾಕಿದರು. "ಬಿಡಮ್ಮಾ, ತಪ್ಪು ನಂದೂ ಇತ್ತು. ಕೂತ್ಕಳ್ಲಿ ಪಾವಂ" ಎಂದರು ಭಾವ. ಪಾವಂ ಎಂದರೆ ತಮಿಳಿನಲ್ಲಿ 'ಪಾಪ' ಎಂದು. ಭಾವನ ಕೈಯಲ್ಲಿ ಪಾಪ ಅನ್ನಿಸಿಕೊಳ್ಳಲು ಇಷ್ಟೆಲ್ಲ ಮಾಡಿದ್ದೆ ನಾನು.

"ಈಗ ಇಬ್ರೂ ಒಂದಾದ್ರಾ?" 

ಅಕ್ಕ ಅಷ್ಟೇ ಅಂದದ್ದು. ದೊಡ್ಡಮ್ಮ ಸೆರಗು ಸರಿಮಾಡಿಕೊಂಡು ಮಣೆಯ ಮೇಲೆ ಕೂತು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡಳು. ಆಚಾರಿ ಚಿನ್ನದ ಕಡ್ಡಿ ಹಿಡಿದು ಅವಳ ಮುಖವನ್ನೂ ನನ್ನ ಮುಖವನ್ನೂ ನೋಡಿದ.

"ಯಾರ್ನ ನೋಡ್ತಿಯಾ? ಚುಚ್ಚು" ಎಂದಳು ದೊಡ್ಡಮ್ಮ.

ಮಗು ಕಿರುಚಿಕೊಂಡಿತು. ಭಾವ ನನ್ನ ಪಕ್ಕಕ್ಕೆ ಸರಿದು ಮೆಲ್ಲಗೆ ಕೈ ಚಾಚಿದರು. "ಕಲ್ಸಕ್ರೆ ತಂದಿದಿಯಲ್ವಾ ಮಾಪ್ಳೆ? ಕೊಡು, ನಾನ್ ಕೊಡ್ತಿನಿ ಅದ್ಕೆ."

ಕೊಡಲಿಲ್ಲ. ಗುಡಿಯ ಹಿಂದಕ್ಕೆ ಹೋಗಿ, ಗೋಡೆಗೆ ಒರಗಿ ನಿಂತು, ಪೊಟ್ಟಣ ಬಿಚ್ಚಿ ಒಂದು ಚೂರೂ ಉಳಿಸದೆ ನಾನೇ ತಿಂದೆ.